ಸುವಾರ್ತೆ ಹೇಳುವಾಗ ತಪ್ಪನ್ನೂ ಎತ್ತಿ ತೋರಿಸಲೇಬೇಕಾ?

ಪ್ರಶ್ನೆ: ನನ್ನ ಆಪ್ತ ಗೆಳತಿ ಮದುವೆಯಾಗದೆ ಒಬ್ಬರ ಜೊತೆ ಒಂದೇ ಮನೆಯಲ್ಲಿ ಇದ್ದಾಳೆ. ಅವಳು ವಿಶ್ವಾಸಿ ಅಲ್ಲ, ಅಂದರೆ ಯೇಸುವನ್ನು ನಂಬಿದವಳಲ್ಲ. ಅವಳಿಗೆ ಯೇಸುವಿನ ಬಗ್ಗೆ ಹೇಳಬೇಕು ಅಂತ ತುಂಬಾ ದಿನದಿಂದ ಆಸೆ. ಆದರೆ ಅವಳ ಬದುಕಿನ ಬಗ್ಗೆ ಏನೂ ಅನ್ನದೆ ಬರೀ ಪ್ರೀತಿಯ ಮಾತಾಡಿದರೆ ಸತ್ಯ ಮುಚ್ಚಿಟ್ಟ ಹಾಗಾಗುತ್ತೆ, ಏನಾದರೂ ಹೇಳಿದರೆ ತೀರ್ಪು ಮಾಡಿದ ಹಾಗಾಗುತ್ತೆ. ಏನು ಮಾಡಲಿ?

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರಿಗೆ ಕುಡಿಯುವ ತಮ್ಮ, ಇನ್ನೊಬ್ಬರಿಗೆ ದೇವರೇ ಇಲ್ಲ ಅನ್ನುವ ಮಗ. ನೇರ ಉತ್ತರ ಇಷ್ಟು: ಅವಳ ತಪ್ಪಿನ ಪಟ್ಟಿಯಿಂದ ಮಾತು ಶುರು ಮಾಡುವ ಕೆಲಸವನ್ನು ನಿಮಗೆ ಯಾರೂ ಒಪ್ಪಿಸಿಲ್ಲ. ಅವಳು ಕೇಳಿದರೆ ಸುಳ್ಳು ಹೇಳಬೇಕಾಗಿಯೂ ಇಲ್ಲ.

ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬಳ ತಂದೆ ತೀರಿಕೊಂಡಿದ್ದರು. ವಾರದ ಮೇಲೆ ಅವಳು ಕೆಲಸಕ್ಕೆ ಬಂದಳು. ನಾನಾಗ ಹೊಸ ಹುರುಪಿನಲ್ಲಿದ್ದೆ, ಯಾರನ್ನು ಕಂಡರೂ ಸಾಕ್ಷಿ ಹೇಳಲೇಬೇಕು, ಅಂದರೆ ನನ್ನ ನಂಬಿಕೆಯ ಬಗ್ಗೆ ಮಾತಾಡಲೇಬೇಕು ಅನ್ನುವ ಕಾಲ ಅದು. ಸಮಾಧಾನ ಹೇಳಲು ಹೋದವನು ಎರಡನೇ ಮಾತಿಗೇ, "ಅವರು ರಕ್ಷಣೆ ಹೊಂದಿದ್ದರಾ?" ಅಂತ ಕೇಳಿಬಿಟ್ಟೆ, ಅಂದರೆ ಯೇಸುವನ್ನು ನಂಬಿ ಪಾಪಕ್ಷಮೆ ಪಡೆದಿದ್ದರಾ ಅಂತ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ರಿಂಗೇ ಆಗದ ಮೊಬೈಲನ್ನು ಕಿವಿಗೆ ಹಿಡಿದು ಹಲೋ ಅನ್ನುತ್ತಾ ಎದ್ದು ಹೋದಳು. ನನ್ನ ದೇವಶಾಸ್ತ್ರ ಸರಿಯೋ ತಪ್ಪೋ, ಆ ಪ್ರಶ್ನೆ ಮಾತ್ರ ಸತ್ತವರ ಮೇಲೆ ಕೊಟ್ಟ ತೀರ್ಪಿನ ಹಾಗೇ ಅವಳಿಗೆ ಕೇಳಿಸಿತು.

ವಿವೇಚನೆ ಅಂದ ಕೂಡಲೇ ನಮಗೆ ಎದುರಿಗಿರುವವರ ತಪ್ಪು ಪತ್ತೆಹಚ್ಚುವುದು ಅಂತಲೇ ಹೊಳೆಯುತ್ತದೆ, ಅಲ್ವಾ? ನನಗೆ ಅನ್ನಿಸುವ ಮಟ್ಟಿಗೆ ಅದು ಜಾಸ್ತಿ ಬೇಕಾಗಿರುವುದು ನಮ್ಮ ಮೇಲೆಯೇ. ಇದು ಮಾತಾಡುವ ಹೊತ್ತಾ? ಇವರು ಏನಾದರೂ ಕೇಳಿದ್ದಾರಾ? ನಾನು ಹೇಳುತ್ತಿರುವುದು ಇವರ ಒಳಿತಿಗಾ, ಇಲ್ಲ ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕಾ?

ತೀರ್ಪು ಮಾಡಬೇಡಿ ಅನ್ನುವ ಮಾತು ಬೈಬಲ್ಲಿನ ಮತ್ತಾಯ ಸುವಾರ್ತೆಯ 7ನೇ ಅಧ್ಯಾಯದ್ದು. ಅದನ್ನು ಅರ್ಧಕ್ಕೇ ನಿಲ್ಲಿಸಿ ಬಳಸುವವರೇ ಹೆಚ್ಚು. ಮುಂದೆ ಓದಿದರೆ ತೊಲೆ ಮತ್ತು ರವೆಯ, ಅಂದರೆ ಕಸದ ಕಣದ, ಮಾತಿದೆ. ನಿನ್ನ ಕಣ್ಣಿನ ತೊಲೆ ಮೊದಲು ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುತ್ತದೆ ಅಂತ. ಅಂದರೆ ರವೆಯನ್ನು ಹಾಗೇ ಬಿಡು ಅಂತ ಯೇಸು ಹೇಳಲಿಲ್ಲ. ಯಾರದ್ದಾದರೂ ಕಣ್ಣಿಗೆ ಬಿದ್ದ ಕಸ ತೆಗೆದಿದ್ದೀರಾ? ಅವರು ತಲೆ ಎತ್ತಿ, ರೆಪ್ಪೆ ಅಗಲಿಸಿ, ನಿಮ್ಮ ಬೆರಳು ಹತ್ತಿರ ಬರಲು ಬಿಡಬೇಕು. ತಾವು ನಂಬದವರ ಬೆರಳು ಬಂದರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದೇ ಅಧ್ಯಾಯದ 6ನೇ ವಚನದಲ್ಲಿ ಮುತ್ತುಗಳನ್ನು ಹಂದಿಗಳ ಮುಂದೆ ಚೆಲ್ಲಬೇಡಿ ಅಂತಲೂ ಇದೆ. ಎದುರಿಗೆ ಯಾರಿದ್ದಾರೆ ಅಂತ ನೋಡದೆ ಅದನ್ನು ಪಾಲಿಸುವುದು ಹೇಗೆ? ಹಾಗಂತ ಮಾತು ಕೇಳದವರನ್ನೆಲ್ಲ ಹಂದಿ ಅಂದುಕೊಳ್ಳುವುದಕ್ಕೆ ಇದು ಲೈಸೆನ್ಸ್ ಅಲ್ಲ.

ನಿಮ್ಮ ಗೆಳತಿಯ ವಿಷಯಕ್ಕೆ ತೀರಾ ಹತ್ತಿರದ್ದು ಯೋಹಾನ ಸುವಾರ್ತೆಯ 4ನೇ ಅಧ್ಯಾಯ. ಮಧ್ಯಾಹ್ನದ ಹೊತ್ತು, ದಣಿದ ಯೇಸು ಬಾವಿಯ ಹತ್ತಿರ ಕೂತಿದ್ದಾನೆ, ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ. ಅವನ ಮೊದಲ ಮಾತು ಉಪದೇಶ ಅಲ್ಲವೇ ಅಲ್ಲ, ಕುಡಿಯಲು ನೀರು ಕೊಡು ಅನ್ನುವ ಬೇಡಿಕೆ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲ, ಅವಳಿಗೇ ಆಶ್ಚರ್ಯ. ಆಮೇಲೆ ಜೀವಜಲದ, ಅಂದರೆ ಕುಡಿದವರಿಗೆ ಮತ್ತೆ ಬಾಯಾರದ ನೀರಿನ ಮಾತು. ಆ ನೀರು ನನಗೂ ಬೇಕು ಅಂತ ಅವಳೇ ಕೇಳುತ್ತಾಳೆ. ಗಂಡನನ್ನು ಕರೆದುಕೊಂಡು ಬಾ ಅನ್ನುವುದು ಅಲ್ಲಿಂದ ಮುಂದೆ. ನನಗೆ ಗಂಡನಿಲ್ಲ ಅಂತ ಅವಳಂದಾಗ, ನೀನು ಹೇಳಿದ್ದು ಸರಿ, ಐದು ಮಂದಿ ಇದ್ದರು, ಈಗ ಇರುವವನು ನಿನ್ನ ಗಂಡನಲ್ಲ, ನೀನು ನಿಜವನ್ನೇ ಹೇಳಿದೆ ಅನ್ನುತ್ತಾನೆ. ಗಮನಿಸಿ, ಸತ್ಯ ಪೂರ್ತಿ ಹೊರಗೆ ಬಂತು, ಅದರ ಹಿಂದೆಮುಂದೆ ಅವಳು ನಿಜ ಹೇಳಿದ್ದಕ್ಕೆ ಮೆಚ್ಚುಗೆಯೂ ಬಂತು. ಇಡೀ ಮಾತುಕತೆಯಲ್ಲಿ ಪಾಪ ಅನ್ನುವ ಪದ ಒಂದು ಸಲವೂ ಇಲ್ಲ. ಐದು ಗಂಡಂದಿರು ಸತ್ತರೋ ಬಿಟ್ಟರೋ ಅಂತಲೂ ಅಲ್ಲಿ ಬರೆದಿಲ್ಲ, ನಡತೆಗೆಟ್ಟವಳು ಅಂತ ಅವಳಿಗೆ ಹೆಸರಿಟ್ಟವರು ನಾವೇ. ಅವಳು ಅಲ್ಲಿಗೇ ಮಾತು ತಿರುಗಿಸಿ ಯಾವ ಬೆಟ್ಟದಲ್ಲಿ ಆರಾಧನೆ ಮಾಡಬೇಕು ಅಂತ ಕೇಳುತ್ತಾಳೆ. ನಾವಾಗಿದ್ದರೆ, "ಅದಿರಲಿ, ಮೊದಲು ಆ ಗಂಡಸಿನ ವಿಷಯ ಹೇಳು" ಅಂತ ಎಳೆದು ತರುತ್ತಿದ್ದೆವು. ಯೇಸು ಅವಳ ಪ್ರಶ್ನೆಯ ಹಿಂದೆಯೇ ಹೋದ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ, ನಾನು ಮಾಡಿದ್ದನ್ನೆಲ್ಲ ಹೇಳಿದವನನ್ನು ಬಂದು ನೋಡಿ ಅಂತ ಜನರನ್ನು ಕರೆದಳು. ಛೀಮಾರಿ ಹಾಕಿಸಿಕೊಂಡು ಬಂದವರು ಹಾಗೆ ಕರೆಯುತ್ತಾರಾ?

ಇನ್ನೊಂದು ವಿಷಯ. ಅವಳು ವಿಶ್ವಾಸಿ ಅಲ್ಲ ಅಂತ ಬರೆದಿದ್ದೀರಿ, ಅದು ಸಣ್ಣ ವ್ಯತ್ಯಾಸ ಅಲ್ಲ. ಕೊರಿಂಥ ಊರಿನ ಕ್ರೈಸ್ತ ಸಭೆಯೊಳಗೆ ಒಬ್ಬನು ತಂದೆಯ ಹೆಂಡತಿಯನ್ನು ಇಟ್ಟುಕೊಂಡಿದ್ದಾಗ ಅಪೊಸ್ತಲ ಪೌಲ ಆ ಸಭೆಗೆ ಸಿಟ್ಟಿನಿಂದಲೇ ಪತ್ರ ಬರೆದ. ಆದರೆ ಅದೇ ಅಧ್ಯಾಯದಲ್ಲಿ, 1 ಕೊರಿಂಥ 5:12ರಲ್ಲಿ, ಹೊರಗಿನವರ ಬಗ್ಗೆ ತೀರ್ಪು ಮಾಡಲು ನನಗೇನು ಕೆಲಸ ಅಂತ ಕೇಳುತ್ತಾನೆ. ನಾವು ಇದನ್ನು ಸರಿಯಾಗಿ ತಿರುಗುಮುರುಗು ಮಾಡಿಕೊಂಡಿದ್ದೇವೆ. ಸಭೆಯ ಒಳಗೆ ಹಣ ನುಂಗಿದವರ ಮುಂದೆ ಸುಮ್ನೆ ನಗುತ್ತೇವೆ, ಹೊರಗಿನವರ ಮನೆಯ ಲೆಕ್ಕ ಮಾತ್ರ ಕೇಳುತ್ತೇವೆ. ಒಳಗಿನವರಿಗೂ ಮೊದಲು ಇಬ್ಬರೇ ಇದ್ದಾಗ ಹೇಳಬೇಕು ಅಂತ ಮತ್ತಾಯ 18ರಲ್ಲಿದೆ. ಅವರ ತಪ್ಪನ್ನು ಪ್ರಾರ್ಥನೆಯ ವಿಷಯ ಅಂತ ಗ್ರೂಪಿಗೆ ಹಾಕುವುದು ಚಾಡಿಯೇ.

ಹಾಗಾದರೆ ಅವಳೇ ಒಂದು ದಿನ, ನಾನು ಹೀಗಿರೋದು ನಿನ್ನ ದೇವರಿಗೆ ತಪ್ಪಾ ಅಂತ ಕೇಳಿದರೆ? ಆಗ ಜಾರಿಕೊಳ್ಳಬೇಡಿ. "ನಮ್ಮ ನಂಬಿಕೆಯಲ್ಲಿ ಮದುವೆಯ ಹೊರಗಿನ ಸಂಬಂಧ ಸರಿಯಲ್ಲ. ಆದರೆ ನಾನು ನಿನಗೆ ಮೊದಲು ಹೇಳಬೇಕು ಅಂದುಕೊಂಡಿದ್ದು ಅದಲ್ಲ" ಅನ್ನಿ, ಆಮೇಲೆ ಕ್ಷಮೆ ನಿಮಗೇ ಯಾಕೆ ಬೇಕಾಯಿತು ಅಂತ ಹೇಳಿ. 1 ಪೇತ್ರ 3:15 ಹೇಳುವುದೂ ಇದನ್ನೇ, ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸಾತ್ವಿಕರಾಗಿ ಕೊಡಿ ಅಂತ. ಕೇಳಿದವರಿಗೆ ಅನ್ನುವುದನ್ನು ನಾನು ವರ್ಷಗಟ್ಟಲೆ ಓದಿಯೂ ಓದಿರಲಿಲ್ಲ.

ಒಂದೇ ಒಂದು ಕಡೆ ಕೇಳುವವರೆಗೆ ಕಾಯಬೇಡಿ. ಆ ಮನೆಯಲ್ಲಿ ಅವಳಿಗೆ ಹೊಡೆತ, ಬೆದರಿಕೆ ಇದೆ ಅಂತ ಗೊತ್ತಾದರೆ ಮೊದಲು ಅವಳು ಸುರಕ್ಷಿತವಾಗಿ ಇರಲು ಜಾಗ ಹುಡುಕಿ. ಅಲ್ಲಿ ವಾಕ್ಯ ಓದುತ್ತಾ ಕೂರುವುದು ವಿವೇಚನೆ ಅಲ್ಲ.

ಎಲ್ಲ ಸರಿಯಾಗಿ ಮಾಡಿಯೂ ಅವಳು ಬೇಡ ಅನ್ನಬಹುದು. ಮಾರ್ಕ 10ರಲ್ಲಿ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂದದ್ದಕ್ಕೆ ಒಬ್ಬ ಶ್ರೀಮಂತ ದುಃಖದಿಂದ ಹೊರಟುಹೋದಾಗ ಯೇಸು ಬೆನ್ನಟ್ಟಲಿಲ್ಲ, ಷರತ್ತು ಸಡಿಲ ಮಾಡಲೂ ಇಲ್ಲ. ಅವನನ್ನು ನೋಡಿ ಪ್ರೀತಿಸಿದ ಅಂತ ಮಾತ್ರ ಅದಕ್ಕೂ ಮುಂಚೆ ಬರೆದಿದೆ.

ನನ್ನ ಸಹೋದ್ಯೋಗಿಯ ಹತ್ತಿರ ನಾನು ಕ್ಷಮೆ ಕೇಳಲು ಮೂರು ತಿಂಗಳು ಬೇಕಾಯಿತು. ಪರವಾಗಿಲ್ಲ ಅಂದಳು. ಆಮೇಲೆ ನಾನು ಅವಳ ತಂದೆ ಹೇಗಿದ್ದರು ಅಂತ ಕೇಳಿದೆ, ಅವಳು ಅರ್ಧ ಗಂಟೆ ಮಾತಾಡಿದಳು. ನಾನು ಬಾಯಿ ಬಿಡಲಿಲ್ಲ. ನೀವೂ ಈ ವಾರ ಗೆಳತಿಯ ಮನೆಗೆ ಹೋಗಿಬನ್ನಿ, ಅವನೂ ಮನೆಯಲ್ಲಿರುವ ಹೊತ್ತಿಗೇ ಹೋಗಿ. ಅವನ ಹೆಸರೇನು ಅಂತ ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ.