ದೊಣ್ಣೆಮೆಣಸು, ಕರಿಮೆಣಸು, ಒಗರು: ಚಿಲಿಯ ಮಿಶ್ರ ವೈನನ್ನು ಬಿಡಿಸಿ ನೋಡುವುದು

ಚಿಲಿಯ ಕೊಲ್ಚಾಗುವಾ ಕಣಿವೆಯ ಕೆಂಪು ವೈನ್ ಬಾಟಲಿಗಳ ಮೇಲೆ ಎಷ್ಟೋ ಸಲ ಮೂರು ದ್ರಾಕ್ಷಿ ತಳಿಗಳ ಹೆಸರು ಒಟ್ಟಿಗೇ ಕಾಣುತ್ತವೆ: ಕಾರ್ಮೆನೇರ್, ಕ್ಯಾಬರ್ನೇ ಸೋವಿನ್ಯೋಂ, ಸೀರಾ. ನಂದಿ ಬೆಟ್ಟದ ಸುತ್ತಲಿನ ತೋಟಗಳಲ್ಲಿ ಶಿರಾಜ್ ಎಂದು ಕರೆಯುವುದು ಈ ಸೀರಾವನ್ನೇ. ಒಂದು ತಳಿಯ ಕೊರತೆಯನ್ನು ಇನ್ನೊಂದು ತುಂಬಲಿ ಎಂದು ಮೂರನ್ನೂ ಬೆರೆಸುತ್ತಾರೆ. ಯಾವುದು ಏನನ್ನು ತುಂಬಿದೆ ಎಂಬುದನ್ನು ಮೂಗು, ನಾಲಿಗೆಗಳಿಂದಲೇ ಪತ್ತೆಹಚ್ಚಬಹುದು.

ಕಾರ್ಮೆನೇರ್ 19ನೇ ಶತಮಾನದಲ್ಲಿ ಫ್ರಾನ್ಸಿನ ಬೋರ್ಡೋದಿಂದ ಚಿಲಿಗೆ ಬಂದ ಬಳ್ಳಿ. ಬೇರು ಹೀರುವ ಫಿಲೋಕ್ಸೆರಾ ಕೀಟ ಬೋರ್ಡೋದ ತೋಟಗಳನ್ನು ನಾಶಮಾಡಿದ ಮೇಲೆ ಅಲ್ಲಿ ಇದನ್ನು ಮತ್ತೆ ನೆಟ್ಟವರು ವಿರಳ. ಹೂವು ಉದುರಿ ಕಾಯಿ ಕಚ್ಚದಿರುವುದೇ ಇದರ ದೊಡ್ಡ ತೊಂದರೆ. ಆ ಕೀಟ ಕಾಲಿಡದ ಚಿಲಿಯಲ್ಲಾದರೋ ಇದು ಮೆರ್ಲೋ ಎಂಬ ಬೇರೊಂದು ತಳಿಯ ಹೆಸರಿನಲ್ಲಿ, ತಪ್ಪಾಗಿ, ಉಳಿದುಕೊಂಡಿತು. 1994ರಲ್ಲಿ ಫ್ರೆಂಚ್ ದ್ರಾಕ್ಷಿತಜ್ಞ ಜಾನ್-ಮಿಷೆಲ್ ಬೂರ್ಸಿಕೊ ಮೈಪೊ ಕಣಿವೆಯಲ್ಲಿ ಅದರ ನಿಜರೂಪ ಗುರುತಿಸಿದರು.

ಹೆಸರು ತಪ್ಪಿದ್ದರಿಂದ ರುಚಿಯೂ ಕೆಟ್ಟಿತ್ತು. ಮೆರ್ಲೋಗಿಂತ ಮೂರು-ನಾಲ್ಕು ವಾರ ತಡವಾಗಿ ಮಾಗುವ ಹಣ್ಣನ್ನು ಅದರ ಜೊತೆಗೇ ಕೊಯ್ದರೆ ವೈನಿಗೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ. ಮೆಥಾಕ್ಸಿಪೈರಜೀನ್ ಗುಂಪಿನ ಒಂದೇ ಅಣು ಎರಡರಲ್ಲೂ ಇದೆ. ಲೀಟರ್ ಕೆಂಪು ವೈನಿನಲ್ಲಿ ಸುಮಾರು 15 ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಾಯಿ ಮಾಗಿದಂತೆ, ಗೊಂಚಲಿಗೆ ಬಿಸಿಲು ತಾಗಿದಂತೆ ಅದು ಇಳಿಯುತ್ತದೆ. ಹಾಗೆಂದು ತುಂಬಾ ದಿನ ಬಿಟ್ಟರೆ ಸಕ್ಕರೆ ಏರಿ, ಆಲ್ಕೊಹಾಲ್ ಶೇ. 14.5 ತಲುಪಿ, ಹುಳಿ ಕುಸಿದು ವೈನ್ ಸಪ್ಪೆಯಾಗುತ್ತದೆ. ಕ್ಯಾಬರ್ನೇ ಬೇಕಾಗುವುದು ಇಲ್ಲಿ. ಅದು ಹುಳಿಯನ್ನೂ ಬಿಗಿಯಾದ ಒಗರನ್ನೂ ತರುತ್ತದೆ.

ಸೀರಾ ತರುವುದು ಕರಿಮೆಣಸಿನ ಘಮ. ಮಲೆನಾಡಿನ ಕರಿಮೆಣಸಿನಲ್ಲಿರುವ ರೊಟಂಡೋನ್ ಎಂಬ ಅಣುವೇ ಇಲ್ಲೂ ಇದೆ, ಪ್ರಮಾಣ ಮಾತ್ರ ಸಾವಿರಾರು ಪಟ್ಟು ಕಡಿಮೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಐವರಲ್ಲಿ ಸುಮಾರು ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಅಭ್ಯಾಸದ ಕೊರತೆ ಎಂದುಕೊಳ್ಳಬೇಡಿ.

ರುಚಿ ನೋಡುವ ಕೋಣೆಯಲ್ಲಿ ಊದುಬತ್ತಿ, ಮಲ್ಲಿಗೆ, ಒಗ್ಗರಣೆಯ ಘಾಟು ಇರಬಾರದು. ಒಂದು ಲೋಟದಲ್ಲಿ ಉಗುರಿನಷ್ಟು ದೊಣ್ಣೆಮೆಣಸಿನ ಚೂರು, ಇನ್ನೊಂದರಲ್ಲಿ ಜಜ್ಜಿದ ಎರಡು ಮೆಣಸಿನಕಾಳು ಹಾಕಿ ತಟ್ಟೆ ಮುಚ್ಚಿಡಿ. ವೈನಿನಲ್ಲಿ ಹುಡುಕಬೇಕಾದ್ದರ ಮಾದರಿಗಳಿವು. ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮ ಬೇಸಿಗೆಯಲ್ಲಿ 28 ಡಿಗ್ರಿಗೇರಿದ ಬಾಟಲಿಯನ್ನು ಒಂದರಿಂದ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಉಷ್ಣಮಾಪಕದಿಂದ ನೋಡಿಕೊಳ್ಳಿ. ಬಿಸಿ ಹೆಚ್ಚಾದರೆ ಆಲ್ಕೊಹಾಲ್ ಮೂಗನ್ನು ಸುಡುತ್ತದೆ. ತೀರಾ ತಣ್ಣಗಾದರೆ ಘಮ ಅಡಗಿ ಒಗರೊಂದೇ ಎದ್ದು ನಿಲ್ಲುತ್ತದೆ.

ಬಾಯಿ ಕಿರಿದಾದ ಗಾಜಿನ ಲೋಟಕ್ಕೆ 50 ಮಿ.ಲೀ. ಸಾಕು. ಅಲುಗಿಸದೆ ಒಮ್ಮೆ ಮೂಸಿ, ನಾಲ್ಕೈದು ಸುತ್ತು ತಿರುಗಿಸಿ ಇನ್ನೊಮ್ಮೆ ಮೂಸಿ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಟಿಸಿಎ ಎಂಬ ರಾಸಾಯನಿಕ ಇಳಿದಿದೆ. ಎಷ್ಟು ಗಾಳಿಯಾಡಿಸಿದರೂ ಹೋಗದು, ಬಾಟಲಿ ಬದಲಿಸಬೇಕು. ಕೊಳೆತ ಮೊಟ್ಟೆಯ ವಾಸನೆಯಾದರೆ ಹೂಜಿಗೆ ಬಗ್ಗಿಸಿ ಅರ್ಧ ಗಂಟೆ ಬಿಡಿ, ಬಹುತೇಕ ಹೋಗುತ್ತದೆ. ಉಗುರುಬಣ್ಣದ ಘಾಟು ಬಂದರೆ ಅಸಿಟಿಕ್ ಬ್ಯಾಕ್ಟೀರಿಯಾ ಕೆಲಸ ಮಾಡಿರಬಹುದು.

ಈಗ 15 ಮಿ.ಲೀ. ಬಾಯಿಗೆ ಹಾಕಿ ಹತ್ತು ಸೆಕೆಂಡು ಆಡಿಸಿ ಉಗಿದುಬಿಡಿ. ನೇರಳೆ ಹಣ್ಣು ತಿಂದಾಗ ಒಸಡು ಬಿಗಿಯುತ್ತದಲ್ಲ, ಅದೇ ಒಗರು. ಷಡ್ರಸಗಳಲ್ಲಿ ಅದಕ್ಕೂ ಜಾಗವಿದ್ದರೂ ಶರೀರವಿಜ್ಞಾನ ಅದನ್ನು ಹೆಚ್ಚಾಗಿ ಸ್ಪರ್ಶವೆಂದೇ ನೋಡುತ್ತದೆ. ಜೊಲ್ಲಿನ ಪ್ರೋಟೀನುಗಳಿಗೆ ಟ್ಯಾನಿನ್ ಎಂಬ ಒಗರು ವಸ್ತು ಅಂಟಿಕೊಂಡು ಗಟ್ಟಿಯಾದಾಗ ಬಾಯಿಯ ಜಾರುವಿಕೆ ಹೋಗಿ ಒರಟುತನ ಉಳಿಯುತ್ತದೆ. 200 ಮಿ.ಲೀ. ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಹತ್ತು ನಿಮಿಷ ಕುದಿಸಿ ರುಚಿ ನೋಡಿ. ಆಮೇಲೆ ಎರಡು ಚಮಚ ಹಾಲು ಬೆರೆಸಿ ನೋಡಿ. ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟುವುದರಿಂದ ಜೊಲ್ಲು ಉಳಿದುಕೊಳ್ಳುತ್ತದೆ. ವೈನಿನಲ್ಲಿ ಒಗರು ಗುಟುಕಿನಿಂದ ಗುಟುಕಿಗೆ ಪೇರುತ್ತಾ ಹೋಗುತ್ತದೆ. ನಡುವೆ ನೀರು, ಸಪ್ಪೆ ಬ್ರೆಡ್ಡು, ಎರಡು ನಿಮಿಷ ಬಿಡುವು ಕೊಡದಿದ್ದರೆ ಮೂರನೇ ಗುಟುಕಿನ ತೀರ್ಪು ನಂಬುವಂತಿರುವುದಿಲ್ಲ. ಖಾರ ತಿಂದು ಕೂರುವುದಂತೂ ಬೇಡವೇ ಬೇಡ. ಆಲ್ಕೊಹಾಲಿನ ಉರಿ ಇಮ್ಮಡಿಯಾದಂತೆ ಅನಿಸುತ್ತದೆ.

ಮಿಶ್ರಣವನ್ನು ಚೆನ್ನಾಗಿ ಕಲಿಯಲು ಮೂರೂ ತಳಿಗಳ ಒಂಟಿ ವೈನ್ ತಂದು ಅಳತೆಗಾಜಿನಲ್ಲಿ ನೀವೇ ಬೆರೆಸಿ. ಮೊದಲು 60 ಮಿ.ಲೀ. ಕಾರ್ಮೆನೇರ್‌ಗೆ 40 ಕ್ಯಾಬರ್ನೇ. ನಾಲಿಗೆಯ ನಡುವೆ ಮೆತ್ತಗೆ, ಕೊನೆಯಲ್ಲಿ ಬಿಗಿ ಸಿಕ್ಕರೆ ಸರಿ. ಅದಕ್ಕೆ ಸೀರಾವನ್ನು ಐದೈದು ಮಿ.ಲೀ. ಸೇರಿಸುತ್ತಾ ಪ್ರತಿ ಸಲವೂ ಮೂಸಿ. ದೊಣ್ಣೆಮೆಣಸು ಹಿಂದೆ ಸರಿದು ಕರಿಮೆಣಸು ಮುಂದೆ ಬರುವ ಅಳತೆಯನ್ನು ಬರೆದಿಟ್ಟುಕೊಳ್ಳಿ. ಮಾರನೆಯ ದಿನ, ಹೊಸ ಮೂಗಿನಿಂದ, ಅದೇ ಅಳತೆಯನ್ನು ಮತ್ತೆ ಬೆರೆಸಿ ನೋಡಿ.