ಪದ ಪರಿಚಯ: ಯುದ್ಧೋತ್ತರ ಸಮುದಾಯ ಪುನಶ್ಚೇತನ

ಅಂತರ್ಯುದ್ಧ ನಿಂತ ಮೇಲೆ ಮನೆ, ಹೊಲ, ನೆರೆಹೊರೆ ಮೂರನ್ನೂ ಮತ್ತೆ ಬದುಕಿಗೆ ತರುವ ಕೆಲಸವೇ ಸಮುದಾಯ ಪುನಶ್ಚೇತನ. ದೇಶ ದೇಶಗಳ ಯುದ್ಧದಲ್ಲಿ ಶತ್ರು ಗಡಿಯಾಚೆ ಇರುತ್ತಾನೆ. ಇಲ್ಲಿ ಕೊಂದವರ ಮನೆಯೂ ಸತ್ತವರ ಮನೆಯೂ ಒಂದೇ ಓಣಿಯಲ್ಲಿರಬಹುದು, ಇಬ್ಬರ ಹೊಲಕ್ಕೂ ಒಂದೇ ಕಾಲುವೆಯ ನೀರು ಹರಿಯಬೇಕಾಗಬಹುದು. ಮನೆ ಕಟ್ಟಿಸಿ ಕೀಲಿ ಕೊಡುವುದು ಇದರಲ್ಲಿ ಸುಲಭದ ಪಾಲು.

ಮೊದಲು ನೆಲಬಾಂಬು ತೆಗೆಯಬೇಕು. ತೆರವಿನ ತಂಡ ಊರವರನ್ನು ಕೇಳಿ ಅನುಮಾನದ ಜಾಗಗಳ ನಕ್ಷೆ ಮಾಡುತ್ತದೆ, ಸುತ್ತ ಗುರುತು ನೆಡುತ್ತದೆ, ಲೋಹಶೋಧಕ ಹಿಡಿದು ಪಟ್ಟಿ ಪಟ್ಟಿಯಾಗಿ ಹುಡುಕುತ್ತದೆ. ಮನೆ, ಬಾವಿ, ಶಾಲೆಯ ದಾರಿ ಮೊದಲು, ಹೊಲ ಆಮೇಲೆ, ಅಡವಿ ಕೊನೆಗೆ. ಕಟ್ಟಿಗೆಗೆ ಹೋದವರು, ಗುಜರಿ ಕಬ್ಬಿಣ ಆಯುವ ಮಕ್ಕಳು ಸಿಕ್ಕಿಬೀಳುವುದು ಈ ಕೊನೆಯ ಜಾಗದಲ್ಲೇ. ಮೊಜಾಂಬಿಕ್‌ನಲ್ಲಿ ಶಾಂತಿ ಒಪ್ಪಂದವಾದದ್ದು 1992ರಲ್ಲಿ, ನೆಲಬಾಂಬು ಮುಕ್ತವೆಂಬ ಘೋಷಣೆ ಬಂದದ್ದು 2015ರಲ್ಲಿ.

ಆಮೇಲಿನದು ಕಾಗದಪತ್ರ. ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಇಲ್ಲಿ. ಪಹಣಿಯಲ್ಲಿ ಒಂದು ಹೆಸರು ತಪ್ಪಿದರೆ ಎಷ್ಟು ಸಲ ಕಚೇರಿಗೆ ಅಲೆಯಬೇಕೆಂದು ರಾಯಚೂರು, ಕೊಪ್ಪಳದ ರೈತರಿಗೆ ಹೇಳಬೇಕಿಲ್ಲ. ಕಚೇರಿಯೇ ಸುಟ್ಟುಹೋಗಿ, ನಿಮ್ಮ ಹೊಲವನ್ನು ಇನ್ನೊಂದು ನಿರಾಶ್ರಿತ ಕುಟುಂಬ ಉಳುತ್ತಿದ್ದರೆ? ಬೋಸ್ನಿಯಾದ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ನಂತರ ಅಲ್ಲಿ ಸುಮಾರು 2 ಲಕ್ಷ ಮನೆಗಳನ್ನು ಮೂಲ ಹಕ್ಕುದಾರರಿಗೆ ಮರಳಿಸಲಾಯಿತು. ಅದು ದೊಡ್ಡ ಸಾಧನೆಯೇ. ಆದರೆ ಕೆಲಸವಿಲ್ಲ, ಪಕ್ಕದವರ ಮೇಲೆ ನಂಬಿಕೆಯಿಲ್ಲ ಎಂದು ಬಹಳ ಮಂದಿ ಮನೆ ಮಾರಿ ಹೊರಟರು.

ಇನ್ನೂ ಕಠಿಣ, ಕಾಣೆಯಾದವನ ಹೆಂಡತಿಯ ಪಾಡು. ಮರಣಪತ್ರವಿಲ್ಲದೆ ಜಮೀನು ಅವಳ ಹೆಸರಿಗೆ ಬರದು, ಬ್ಯಾಂಕಿನ ಹಣ ಸಿಗದು. ಸತ್ತನೆಂದು ಬರೆದುಕೊಟ್ಟರೆ ಹುಡುಕಾಟವನ್ನೇ ಕೈಬಿಟ್ಟಂತೆ ಅನಿಸುತ್ತದೆ. ಇದಕ್ಕಾಗಿ ಶ್ರೀಲಂಕಾ 2016ರಲ್ಲಿ ಗೈರುಹಾಜರಿ ಪ್ರಮಾಣಪತ್ರಕ್ಕೆ ಕಾನೂನು ಮಾಡಿತು: ಸಾವನ್ನು ಒಪ್ಪಿಕೊಳ್ಳದೆಯೇ ಕುಟುಂಬ ಆಸ್ತಿ ನೋಡಿಕೊಳ್ಳಬಹುದು. ಇಂಥ ಒಂದು ಹಾಳೆ ನೂರು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮಲ್ಲೇ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ (ನಿರಾಶ್ರಿತರ ಪುನರ್ವಸತಿ ಊರುಗಳು) ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಅವರ ಕಥೆ ವಿಭಜನೆಯದು, ಅಂತರ್ಯುದ್ಧದ್ದಲ್ಲ. ಆದರೂ ಇಲ್ಲಿ ಬೇರೂರಿದ ಮೇಲೂ ಪೌರತ್ವದ, ಜಾತಿ ಪ್ರಮಾಣಪತ್ರದ ಪ್ರಶ್ನೆ ಹಲವರನ್ನು ದಶಕಗಳ ಕಾಲ ಕಾಡಿದೆ.

ನೀರಿನ ಮಾತು ತುಂಗಭದ್ರೆಯ ಕಾಲುವೆ ಕೊನೆಭಾಗದವರಿಗೆ ಬೇಗ ತಿಳಿಯುತ್ತದೆ. ಶ್ರೀಲಂಕಾದ ಕಿಳಿನೊಚ್ಚಿಯ ಇರಣಮಡು ಕೆರೆಯನ್ನು ಯುದ್ಧದ ನಂತರ ದುರಸ್ತಿ ಮಾಡಿದರು. ಅದರ ನೀರನ್ನು ಜಾಫ್ನಾಕ್ಕೆ ಕುಡಿಯಲು ಒಯ್ಯುವ ಮಾತು ಬಂದಾಗ ಭತ್ತದ ರೈತರು ವಿರೋಧಿಸಿದರು. ಎರಡೂ ಕಡೆ ಯುದ್ಧದಲ್ಲಿ ನೊಂದ ತಮಿಳರೇ. ನೀರಿನ ಪಾಲು ಮೊದಲೇ ಮಾತಾಡಿಕೊಳ್ಳದಿದ್ದರೆ ದುರಸ್ತಿಯೇ ಹೊಸ ತಕರಾರಿಗೆ ದಾರಿಯಾಗುತ್ತದೆ.

ಬಂದೂಕು ಕೆಳಗಿಟ್ಟವರಿಗೆ ಹಣ, ತರಬೇತಿ ಕೊಡುವುದೂ ಈ ಕೆಲಸದ ಭಾಗ. 2002ರಲ್ಲಿ ಯುದ್ಧ ಮುಗಿದ ಸಿಯೆರಾ ಲಿಯೋನ್‌ನಲ್ಲಿ 70 ಸಾವಿರಕ್ಕೂ ಹೆಚ್ಚು ಹೋರಾಟಗಾರರ ಶಸ್ತ್ರ ತೆಗೆಸಲಾಯಿತು. ಊರಲ್ಲಿ ಮೇಜು ಕೊಳ್ಳುವವರೇ ಇಲ್ಲದಿದ್ದರೆ ಬಡಗಿ ಕೆಲಸ ಕಲಿತವನು ಕೊಟ್ಟ ಉಳಿ, ಗರಗಸ ಮಾರಿಕೊಳ್ಳುತ್ತಾನೆ. ಮನೆ ಸುಟ್ಟವನಿಗೆ ಉಪಕರಣಗಳ ಕಿಟ್ಟು, ಮನೆ ಕಳೆದುಕೊಂಡವರಿಗೆ ಏನೂ ಇಲ್ಲವೆಂದರೆ ಊರು ಒಪ್ಪದು. ಆದ್ದರಿಂದ ಅದೇ ಹಣದಲ್ಲಿ ಊರಿಗೆಲ್ಲ ಆಗುವ ಬಾವಿ, ರಸ್ತೆಯ ಕೆಲಸವನ್ನೂ ಸೇರಿಸಬೇಕು.

ಕೊನೆಯದು ಎದುರುಬದುರು ಕೂತು ನಡೆದದ್ದನ್ನು ಹೇಳುವ ಸಭೆ. ಸಿಯೆರಾ ಲಿಯೋನ್‌ನ ಸುಮಾರು 200 ಹಳ್ಳಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸಭೆ ನಡೆದ ಹಳ್ಳಿಗಳಲ್ಲಿ ಕ್ಷಮೆ, ಒಡನಾಟ ಹೆಚ್ಚಿದವು. ಜೊತೆಗೆ ಖಿನ್ನತೆ, ಆತಂಕವೂ ಹೆಚ್ಚಿದವು. ಹಳೆಯ ಗಾಯ ಕೆದಕಿದ ಮರುದಿನವೇ ತಂಡ ಜೀಪು ಹತ್ತಿ ಹೋಗಬಾರದು. ಆಪ್ತ ಸಮಾಲೋಚಕರು ಯಾರು, ಎಷ್ಟು ತಿಂಗಳು ಆ ಊರಿಗೆ ಬರುತ್ತಾರೆ, ಅವರ ಸಂಬಳ ಯಾವ ಲೆಕ್ಕದಿಂದ ಎಂಬುದು ಸಭೆಯ ದಿನ ಗೊತ್ತುಮಾಡುವ ಮುಂಚೆಯೇ ತೀರ್ಮಾನವಾಗಿರಬೇಕು.