ಕನ್ನಡ ಬರಹ ತಿದ್ದಲು ಎಐ: ಕಾಗುಣಿತಕ್ಕೊಂದು ಸುತ್ತು, ಶೈಲಿಗೆ ಇನ್ನೊಂದು

'ರೈತರು ಬೆಲೆ ಹಾನಿಯ ಬಗ್ಗೆ ತಹಶೀಲ್ದಾರರಿಗೆ ಮನವಿ ಕೊಟ್ಟರು.'

ಇದರಲ್ಲೊಂದು ತಪ್ಪಿದೆ. ಪದಪಟ್ಟಿಯ ಜೊತೆ ತಾಳೆ ನೋಡುವ ಸಾಮಾನ್ಯ ಕಾಗುಣಿತ ಪರೀಕ್ಷಕಕ್ಕೆ ಅದು ಕಾಣುವುದಿಲ್ಲ, ಏಕೆಂದರೆ 'ಬೆಲೆ' ಕೂಡ ನಿಘಂಟಿನಲ್ಲಿರುವ ಪದವೇ. ಬೇಕಿದ್ದದ್ದು 'ಬೆಳೆ'. ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಸಾಧನಗಳು ಅಕ್ಕಪಕ್ಕದ ಪದಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಇಂಥದ್ದನ್ನು ಸಾಮಾನ್ಯವಾಗಿ ಹಿಡಿಯುತ್ತವೆ. ಹಳ್ಳಿ-ಹಲ್ಲಿ, ಮನೆ-ಮಣೆ, ಅಕ್ಕಿ-ಹಕ್ಕಿ, ದನ-ಧನ ಇಂಥ ಅದಲುಬದಲಿನಲ್ಲಿ ಅವುಗಳ ನೆರವು ನಿಜಕ್ಕೂ ದೊಡ್ಡದು.

ಆದರೆ 'ಇದನ್ನು ಸರಿಮಾಡು' ಎಂದಷ್ಟೇ ಕೇಳಿದರೆ ಬರುವ ಉತ್ತರ ಹೀಗಿರಬಹುದು: 'ರೈತರಿಂದ ಬೆಳೆ ಹಾನಿಯ ಕುರಿತಾಗಿ ತಹಶೀಲ್ದಾರರಿಗೆ ಒಂದು ಮನವಿ ಪತ್ರವನ್ನು ಸಲ್ಲಿಸಲಾಯಿತು.' ತಿದ್ದಬೇಕಿದ್ದದ್ದು ಒಂದೇ ಅಕ್ಷರ. ಈಗ ನೋಡಿ: ಕರ್ತರಿ ಪ್ರಯೋಗ ಕರ್ಮಣಿಯಾಯಿತು. ಇಂಗ್ಲಿಷಿನ 'a', 'an' ಆರ್ಟಿಕಲ್‌ಗಳ ನೆರಳಾಗಿ 'ಒಂದು' ಬಂದು ಕುಳಿತಿತು. 'ಅನ್ನು' ಸೇರಿತು. 'ಹಾಲು ಕುಡಿದ', 'ಮನವಿ ಕೊಟ್ಟರು' ಎನ್ನುವಾಗ ದ್ವಿತೀಯಾ ಪ್ರತ್ಯಯ ಬಿಡುವುದೇ ಕನ್ನಡದ ಸಹಜ ನಡೆ. ಈ ಎಐ ಸಾಧನಗಳು ಓದಿಕೊಂಡ ಪಠ್ಯದಲ್ಲಿ ಇಂಗ್ಲಿಷಿನದೇ ಸಿಂಹಪಾಲು, ಹಾಗಾಗಿ ಅನುವಾದದ ಕನ್ನಡದತ್ತ ಅವು ಬೇಗ ವಾಲುತ್ತವೆ.

ಆದ್ದರಿಂದ ಮೊದಲ ಸುತ್ತಿನಲ್ಲಿ, ಅಂದರೆ ಕಾಗುಣಿತ ತಿದ್ದಿಸುವಾಗ, ಎಐಯ ಕೈ ಕಟ್ಟಿಹಾಕಬೇಕು. ಸೂಚನೆ ಹೀಗಿರಲಿ: 'ಕಾಗುಣಿತ, ವಿಭಕ್ತಿ, ಲಿಂಗ-ವಚನಗಳ ತಪ್ಪು ಮಾತ್ರ ತಿದ್ದು. ಪದಗಳ ಆಯ್ಕೆ, ವಾಕ್ಯದ ಕ್ರಮ ಮುಟ್ಟಬೇಡ. ಉದ್ಧರಣ ಚಿಹ್ನೆಯೊಳಗಿನ ಆಡುಮಾತು ಹಾಗೇ ಇರಲಿ. ತಿದ್ದಿದ್ದನ್ನೆಲ್ಲ ಹಳೆಯದು, ಹೊಸದು, ಕಾರಣ ಎಂದು ಪಟ್ಟಿ ಮಾಡು.' ಸೂಚನೆಯಲ್ಲಿ ಆಡುಮಾತಿನ ಸಾಲು ಸೇರಿಸದಿದ್ದರೆ ಧಾರವಾಡದ ಅಜ್ಜಿಯ 'ಹೊಂಟಾನ' ಕೂಡ 'ಹೊರಟಿದ್ದಾನೆ' ಆಗಿಬಿಡುತ್ತದೆ. ಒಮ್ಮೆಗೆ 150-200 ಪದಕ್ಕಿಂತ ಹೆಚ್ಚು ಕೊಡಬೇಡಿ. ಪಠ್ಯ ಉದ್ದವಾದಷ್ಟೂ ನಡುವಿನ ವಾಕ್ಯಗಳು ಸದ್ದಿಲ್ಲದೆ ಬಿಟ್ಟುಹೋಗುವ ಅಪಾಯ ಹೆಚ್ಚು.

ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ, ಪಟ್ಟಿಗೆ ಸೇರಿಸದೆಯೂ ಎಐ ಕೆಲವನ್ನು ಬದಲಿಸಿರಬಹುದು. ಮೂಲ ಮತ್ತು ತಿದ್ದಿದ ಪ್ರತಿಗಳನ್ನು ಮೈಕ್ರೋಸಾಫ್ಟ್ ವರ್ಡ್‌ನ ರಿವ್ಯೂ ಟ್ಯಾಬಿನಲ್ಲಿರುವ ಕಂಪೇರ್‌ಗೆ ಕೊಟ್ಟರೆ ಒಂದೊಂದು ಬದಲಾವಣೆಯೂ ಬಣ್ಣದಲ್ಲಿ ಕಾಣುತ್ತದೆ.

ಎಐ ಎಡವುವುದು ತಪ್ಪೇ ರೂಢಿಯಾಗಿರುವ ಕಡೆ. 'ಕೋಟ್ಯಾಂತರ', 'ಜಾತ್ಯಾತೀತ' ಎಲ್ಲೆಲ್ಲೂ ಕಾಣುವುದರಿಂದ ಎಐ ಅವನ್ನು ಸರಿಯೆಂದುಕೊಂಡು ತಿದ್ದದೆ ಬಿಡಬಹುದು. ಕೋಟಿ + ಅಂತರ, ಜಾತಿ + ಅತೀತ ಎಂದು ಬಿಡಿಸಿದರೆ ಯಣ್ ಸಂಧಿಯ ಪ್ರಕಾರ ಬರುವುದು ಕೋಟ್ಯಂತರ, ಜಾತ್ಯತೀತ. ಅದು ಕೊಡುವ ಕಾರಣಗಳನ್ನೂ ಹೀಗೇ ಒರೆಗೆ ಹಚ್ಚಿ. 'ಮಳೆಗಾಲ' ಆಗಮ ಸಂಧಿ ಎಂದು ಧೈರ್ಯವಾಗಿ ಹೇಳಿದರೂ ಕ ಹೋಗಿ ಗ ಬಂದಿರುವುದರಿಂದ ಅದು ಆದೇಶ ಸಂಧಿಯೇ. ಸಾಧನದ ಮಟ್ಟ ತಿಳಿಯಬೇಕೆಂದರೆ ನಿಮಗೆ ಗೊತ್ತಿರುವ ಹತ್ತು ತಪ್ಪುಗಳನ್ನು ಬೇಕೆಂದೇ ಒಂದು ಪ್ಯಾರಾದಲ್ಲಿ ಹಾಕಿ ಕೊಡಿ, ಎಷ್ಟು ಹಿಡಿಯಿತು ಎಣಿಸಿ.

'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಆಸ್ಕಿ ಕಡತವಿದ್ದರೆ (ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುವಂಥದ್ದು) ಮೊದಲು ಈಗಿನ ಸಾಧನಗಳು ಓದುವ ಯೂನಿಕೋಡ್‌ಗೆ ಪರಿವರ್ತಿಸಿ. ನೇರ ಅಂಟಿಸಿದರೆ ಅಲ್ಲಿ ಸಿಗುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ತಿದ್ದಿದ ಮೇಲೆ 'ಮೊಬೈಲ್‌ನಲ್ಲಿ' ಎಂಬುದು 'ಮೊಬೈಲ್ನಲ್ಲಿ' ಆಗಿದ್ದರೆ ನಡುವಿನ ಕಾಣದ ಅಕ್ಷರ, ಅಂದರೆ ಜೀರೋ ವಿಡ್ತ್ ನಾನ್ ಜಾಯ್ನರ್, ಕಳಚಿಹೋಗಿದೆ ಎಂದರ್ಥ. ಅದನ್ನು ಕೈಯಲ್ಲೇ ಸೇರಿಸಬೇಕು.

ಇಷ್ಟಾದ ಮೇಲೆ ಶೈಲಿ. 'ಚೆಂದ ಮಾಡು' ಎಂದರೆ ವಿಶೇಷಣಗಳ ಮಳೆ ಸುರಿಯುತ್ತದೆ. ಓದುವವರು ಯಾರು, ವಾಕ್ಯಕ್ಕೆ ಗರಿಷ್ಠ ಎಷ್ಟು ಪದ, ಯಾವುದು ಬೇಡ ಎಂದು ಬಿಡಿಸಿ ಹೇಳಿ: 'ಹತ್ತನೇ ತರಗತಿಯವರಿಗೆ, ವಾಕ್ಯ 12 ಪದ ಮೀರದಿರಲಿ, -ಲಾಯಿತು, -ಲ್ಪಟ್ಟಿತು ಬೇಡ.' ಜೊತೆಗೆ ನೀವೇ ಬರೆದ ಎರಡು ಪ್ಯಾರಾಗಳನ್ನು ಶೈಲಿಯ ಮಾದರಿಯಾಗಿ ಕೊಡಿ. ಪ್ರತಿ ವಾಕ್ಯಕ್ಕೂ ಎರಡು ಪರ್ಯಾಯ ಕೇಳಿ, ಜೋರಾಗಿ ಓದಿ, ನಾಲಿಗೆ ತೊಡರದ್ದನ್ನು ಇಟ್ಟುಕೊಳ್ಳಿ. ಎರಡೂ ತೊಡರಿದರೆ ನಿಮ್ಮ ಮೂಲ ವಾಕ್ಯವೇ ಇರಲಿ.